ನಮ್ಮ ಮತದಾನ ಪದ್ಧತಿಯ ಗುಣದೋಷಗಳು

ನಮ್ಮ ವಿಧಾನಸಭೆ, ಲೋಕಸಭೆಗಳ ಚುನಾವಣೆಯಲ್ಲಿ ಯಾವ ಉಮೇದುವಾರರಿಗೆ ಉಳಿದೆಲ್ಲರಿಗಿಂತ ಹೆಚ್ಚು ಮತಗಳು ಬೀಳುವವೋ ಅವರೇ ಗೆದ್ದವರು. ಅರ್ಧಕ್ಕಿಂತ ಹೆಚ್ಚು ಬೇಕೆಂಬ ನಿಯಮವಿಲ್ಲ. ಇದರ ಗುಣದೋಷಗಳನ್ನು ನಾವು ವಿಚಾರಿಸೋಣ.

ಮೊದಲು ಗುಣಗಳು. ಈ ಎಣಿಕೆಯು ಓದುಬರಹವಿಲ್ಲದವರಿಗೂ ತಿಳಿಯುವಂಥದು. ಕ್ಷೇತ್ರಕ್ಕೊಬ್ಬನೇ ಪ್ರತಿನಿಧಿಯಾದುದರಿಂದ, ನೀರು, ರಸ್ತೆ, ಶಾಲೆಗಳ ವಿಷಯದಲ್ಲಿ ಯಾರನ್ನು ಕೇಳಬೇಕೆಂಬುದು ತಿಮ್ಮಾಪುರದ ಜನರಿಗೂ ಗೊತ್ತಿರುತ್ತದೆ. ಒಂದೊಂದು ಮತಕ್ಕೂ ಬೆಲೆಯುಂಟು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣರು 40,752 ಮತಗಳನ್ನು ಪಡೆದು, ಒಂದೇ ಮತದಿಂದ ಗೆದ್ದರು.

ಆದರೆ ಅಲ್ಲಿಯೇ ದೋಷವೂ ಕಾಣುತ್ತದೆ. ಎದುರಾಳಿಗೆ ಬಿದ್ದ 40,751 ಮತಗಳಿಗೆ ಯಾವ ಫಲವೂ ದೊರೆಯಲಿಲ್ಲ. ರಾಜ್ಯದ ಮಟ್ಟದಲ್ಲಿಯೂ ಹೀಗೆಯೇ. 2018ರ ಮೇ ತಿಂಗಳಲ್ಲಿ ಕರ್ನಾಟಕದ 222 ಕ್ಷೇತ್ರಗಳಲ್ಲಿ ಮತದಾನವಾದಾಗ, ಶೇಕಡಾ 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ 78 ಸ್ಥಾನಗಳೂ, ಶೇಕಡಾ 36ರಷ್ಟು ಪಡೆದ ಭಾರತೀಯ ಜನತಾ ಪಕ್ಷಕ್ಕೆ 104 ಸ್ಥಾನಗಳೂ ದೊರೆತವು. ಮತಗಳು ಎಷ್ಟು ಬಿದ್ದವೆಂಬುದಕ್ಕಿಂತ ಎಲ್ಲೆಲ್ಲಿ ಬಿದ್ದವೆಂಬುದೇ ಮುಖ್ಯವಾಯಿತು.

ಪದ್ಧತಿಯನ್ನು ತಿದ್ದುವುದು ಶಾಸನಕರ್ತರ ಕೆಲಸ. ಅದು ಹೀಗಿರುವ ತನಕ, ಒಂದು ಮತವೇ ಫಲವನ್ನು ನಿರ್ಣಯಿಸಬಲ್ಲಲ್ಲಿ ಮನೆಯಲ್ಲುಳಿಯುವುದೂ ಒಂದು ನಿರ್ಣಯವೇ. ಪೂರ್ವ ವಿದ್ಯಾರ್ಥಿನಿಯರೂ ಪಾಲಕರೂ ಇದನ್ನು ಮನಗಂಡು, ಪರರ ಮಾತಿಗೆ ಮಣಿಯದೆ, ಸ್ವಂತ ವಿವೇಕದಿಂದ ಮತ ಕೊಡಬೇಕೆಂದು ನಾವು ಬಯಸುತ್ತೇವೆ.