ಒಣ ಯಂತ್ರದಲ್ಲಿ ನೀರು ಹುಡುಕುವ ಕೆಲಸ

ಹಾಲಿನ ಪುಡಿ ತಯಾರಿಸುವ ಪ್ಲಾಂಟಿಗೆ ಬಂದವರೆಲ್ಲ ಮೊದಲು ತಲೆಯೆತ್ತಿ ಡ್ರೈಯರನ್ನು ನೋಡುತ್ತಾರೆ. ಕೆಲವು ಅಂತಸ್ತು ಎತ್ತರದ ಸ್ಟೀಲ್ ಚೇಂಬರ್, ಕೆಳಗೆ ಕಿರಿದಾಗುತ್ತ ಹೋಗುವ ಕೋನ್, ಪಕ್ಕದಲ್ಲಿ ಗಾಳಿಯಿಂದ ಪುಡಿ ಬೇರ್ಪಡಿಸುವ ಸೈಕ್ಲೋನ್, ಬ್ಯಾಗ್ ಫಿಲ್ಟರ್. ಆಮೇಲೆ ಕೇಳುವ ಪ್ರಶ್ನೆಯೂ ಸಾಮಾನ್ಯವಾಗಿ ಒಂದೇ: "ಒಳಗೆ ಎಷ್ಟು ಬಿಸಿ ಇರುತ್ತೆ?" ಒಳನುಗ್ಗುವ ಗಾಳಿ 180ರಿಂದ 220 ಡಿಗ್ರಿ ಸೆಲ್ಸಿಯಸ್, ಹೊರಬರುವ ಗಾಳಿ 80ರಿಂದ 95. ಉತ್ತರ ಕೇಳಿ ಹುಬ್ಬೇರಿಸುತ್ತಾರೆ. ಆದರೆ ಬೇಸಿಗೆಯಲ್ಲಿ ಹಾಲಿನ ಆವಕ ಇಳಿದು ಪ್ಲಾಂಟ್ ನಿಂತಾಗ ತಪಾಸಣೆಗೆಂದು ಟಾರ್ಚ್ ಹಿಡಿದು ಆ ಚೇಂಬರಿನೊಳಗೆ ಇಳಿಯುವವರ ತಲೆಬಿಸಿಯೇ ಬೇರೆ. ಹಾಲಿನಿಂದ ನೀರು ತೆಗೆಯಲೆಂದೇ ಕಟ್ಟಿದ ಯಂತ್ರದಲ್ಲಿ, ಇರಬಾರದ ಜಾಗದಲ್ಲಿ ಉಳಿದುಬಿಟ್ಟ ನೀರನ್ನು ಪತ್ತೆಹಚ್ಚುವುದೇ ಅವರ ಅರ್ಧ ಕೆಲಸ. ಈ ಕಸುಬಿನಲ್ಲಿ ನಾನು ಕಲಿತದ್ದರ ತಿರುಳೂ ಇಷ್ಟೇ.

ಡ್ರೈಯರಿಗೆ ಹಾಲು ನೇರವಾಗಿ ಹೋಗುವುದಿಲ್ಲ. ಮೊದಲು ಇವ್ಯಾಪರೇಟರಿನಲ್ಲಿ, ನಿರ್ವಾತದಲ್ಲಿ, ಕಡಿಮೆ ಶಾಖದಲ್ಲೇ ಕುದಿಸಿ ಘನಾಂಶ ಶೇ. 45–50ಕ್ಕೆ ಬರುವ ತನಕ ಗಟ್ಟಿ ಮಾಡುತ್ತಾರೆ. ಆ ಗಟ್ಟಿ ಹಾಲನ್ನು ಚೇಂಬರಿನ ನೆತ್ತಿಯಿಂದ ಸಣ್ಣ ಹನಿಗಳಾಗಿ ಸಿಡಿಸುವುದು ಒಂದೋ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಅಟೊಮೈಸರ್ ಚಕ್ರ, ಇಲ್ಲವೇ ಭಾರಿ ಒತ್ತಡದ ನಾಝಲ್. ಹನಿಯಲ್ಲಿ ಸಾಕಷ್ಟು ನೀರಿರುವವರೆಗೆ ಆವಿಯಾಗುವ ಕ್ರಿಯೆಯೇ ಅದನ್ನು ತಂಪಾಗಿಡುತ್ತದೆ. 200 ಡಿಗ್ರಿ ಗಾಳಿಯ ನಡುವೆಯೂ ಹನಿಯ ಶಾಖ 50 ಡಿಗ್ರಿಯ ಆಸುಪಾಸು ದಾಟುವುದಿಲ್ಲ. ಹಾಲು ಸುಡದೆ ಪುಡಿಯಾಗುವ ಗುಟ್ಟು ಅದು. ಒಂದು ಕಿಲೋ ಕೆನೆ ತೆಗೆದ ಹಾಲಿನ ಪುಡಿಗೆ ಸುಮಾರು 11 ಲೀಟರ್ ಹಾಲು ಬೇಕು. ಉಳಿದದ್ದೆಲ್ಲ ನೀರು.

ಎಮ್ಮೆ ಹಾಲನ್ನು ಹೀಗೆ ಪುಡಿ ಮಾಡಲಾಗದು ಎಂದು ವಿದೇಶಿ ತಜ್ಞರು ಹೇಳುತ್ತಿದ್ದ ಕಾಲದಲ್ಲಿ ಡೇರಿ ಸಹಕಾರ ಚಳವಳಿಯ ವರ್ಗೀಸ್ ಕುರಿಯನ್ ಅವರ ಸಹೋದ್ಯೋಗಿ ಎಚ್.ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಗುಜರಾತಿನ ಆನಂದ್‌ನಲ್ಲಿ ಅಂಥ ಪುಡಿ ಘಟಕವನ್ನು ಪ್ರಧಾನಿ ನೆಹರು ಉದ್ಘಾಟಿಸಿದರು. ಅಲ್ಲಿಂದಾಚೆಗೆ ಪುಡಿ ಘಟಕವೆಂದರೆ ನಮ್ಮ ಸಹಕಾರಿ ಡೇರಿಗಳಿಗೆ ಹೆಮ್ಮೆಯ ವಿಷಯ. ಹೆಮ್ಮೆಪಡಲಿ, ತಪ್ಪಲ್ಲ. ಆದರೆ ದಿನಕ್ಕೆ ಎಷ್ಟು ಟನ್ ಸಾಮರ್ಥ್ಯ ಎಂದು ಕಲ್ಲಿನ ಮೇಲೆ ಕೆತ್ತಿಸುವವರು ವೆಲ್ಡಿಂಗ್ ಕೊನೆಯ ಸಲ ಯಾವಾಗ ಪರೀಕ್ಷೆಯಾಯಿತು ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಕೇಳಬೇಕಾದ ಪ್ರಶ್ನೆ ಅದೇ, ಏಕೆಂದರೆ ಆ ಪುಡಿ ಮಕ್ಕಳ ಹೊಟ್ಟೆ ಸೇರುತ್ತದೆ. ಕರ್ನಾಟಕದಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ, ಶಾಲಾ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯಲ್ಲಿ ಒಂದು ಮಗುವಿಗೆ ಸಿಗುವುದು 18 ಗ್ರಾಂ ಕೆನೆಭರಿತ ಪುಡಿಯಿಂದ ಮಾಡಿದ 150 ಮಿಲಿ ಹಾಲು. ಶಾಲೆಯ ಅಡುಗೆಮನೆಯಲ್ಲಿ ಕಲಸುವ ಆ ಪುಡಿ ಒಂದು ಕಾಲಕ್ಕೆ ಯಾವುದೋ ಚೇಂಬರಿನ ಗೋಡೆ ಸವರಿಕೊಂಡೇ ಕೆಳಗಿಳಿದಿರುತ್ತದೆ.

ಆ ಗೋಡೆ ಒಂದೇ ಪದರದ್ದಲ್ಲ. ಒಳಗೆ ಸ್ಟೇನ್‌ಲೆಸ್ ಸ್ಟೀಲ್ ತಗಡು, ಅದರ ಹಿಂದೆ ಶಾಖ ತಡೆಯುವ ಉಣ್ಣೆ, ಹೊರಗೆ ಹೊದಿಕೆಯ ತಗಡು. ಒಳತಗಡಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಚೇಂಬರ್ ತೊಳೆಯುವಾಗ ನೀರು ಅದರಿಂದ ಉಣ್ಣೆಗೆ ಇಳಿಯುತ್ತದೆ. ಪುಡಿಯೂ ಜೊತೆಗೆ ಹೋಗುತ್ತದೆ. ಹಾಲಿನ ಪುಡಿ, ನೀರು, ಬೆಚ್ಚನೆಯ ಜಾಗ ಮೂರೂ ಒಂದೆಡೆ ಸೇರಿದರೆ ಸೂಕ್ಷ್ಮಾಣುಗಳಿಗೆ ಇನ್ನೇನು ಬೇಕು? ಕರುಳಿನ ಸೋಂಕು ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಒಣ ಪುಡಿಯಲ್ಲಿ ಬೆಳೆಯುವುದಿಲ್ಲ ನಿಜ, ಆದರೆ ಸುಲಭಕ್ಕೆ ಸಾಯುವುದೂ ಇಲ್ಲ. ತಿಂಗಳುಗಟ್ಟಲೆ ಕಾದು ಕೂರುತ್ತದೆ.

1985ರ ಕೊನೆಯಲ್ಲಿ ಬ್ರಿಟನ್ನಿನ ಶಿಶುಗಳಲ್ಲಿ ಸಾಲ್ಮೊನೆಲ್ಲಾ ಈಲಿಂಗ್ ಎಂಬ ಅಪರೂಪದ ತಳಿಯ ಸೋಂಕು ಕಾಣಿಸಿಕೊಂಡಾಗ ತನಿಖೆ ಹೋಗಿ ಮುಟ್ಟಿದ್ದು ಶಿಶು ಆಹಾರದ ಒಂದು ಡ್ರೈಯರನ್ನು. ಅದರ ಒಳತಗಡಿನಲ್ಲಿ ತೂತು ಬಿದ್ದಿತ್ತು. ಹೊರಗೆ ಸೋರಿದ ಪುಡಿ ಉಣ್ಣೆಯಲ್ಲಿ ಕಲುಷಿತಗೊಂಡು ಮತ್ತೆ ಒಳಗೆ ಬರುತ್ತಿತ್ತು. 2017ರಲ್ಲಿ ಫ್ರಾನ್ಸಿನ ಕ್ರಾನ್ ಎಂಬಲ್ಲಿನ ಶಿಶು ಆಹಾರ ಘಟಕದಿಂದ ಹರಡಿದ ಸಾಲ್ಮೊನೆಲ್ಲಾ ಅಗೋನಾದ ಕಥೆ ಇನ್ನೂ ವಿಚಿತ್ರ: 2005ರಲ್ಲಿ ಅದೇ ಘಟಕಕ್ಕೆ ತಳುಕು ಹಾಕಿಕೊಂಡಿದ್ದ ತಳಿಯೇ ಹನ್ನೆರಡು ವರ್ಷದ ಮೇಲೆ ಮತ್ತೆ ತಲೆಯೆತ್ತಿತ್ತು. ತಪಾಸಣೆಗೆ ಎರಡು ದಿನ ಹೆಚ್ಚು ಕೇಳಿದಾಗ ಮುಖ ಗಂಟಿಕ್ಕುವ ಮ್ಯಾನೇಜರುಗಳಿಗೆ ನಾನು ಹೇಳುವುದು ಈ ಎರಡು ಪ್ರಸಂಗಗಳನ್ನು.

ಬಿರುಕು ಎಲ್ಲಿ ಬಿಡುತ್ತದೆ ಎನ್ನುವುದಕ್ಕೆ ಪುಸ್ತಕಕ್ಕಿಂತ ಫಿಟ್ಟರುಗಳೇ ಒಳ್ಳೆಯ ಗುರುಗಳು. ಹಳೇ ಮೈಸೂರು ಕಡೆಯ ಒಂದು ಪ್ಲಾಂಟಿನಲ್ಲಿ, ಫ್ಯಾನಿನ ಸ್ವಿಚ್ಚಿಗೆ ಬೀಗ ಹಾಕಿಸಿ, ಆಕ್ಸಿಜನ್ ಅಳೆದು, ಪರ್ಮಿಟ್‌ಗೆ ಸಹಿ ಮಾಡಿಸಿ ಒಳಗಿಳಿಯುವ ಹೊತ್ತಿಗೆ ಅಲ್ಲಿನ ಹಿರಿಯ ಫಿಟ್ಟರ್ ಒಂದೇ ಮಾತು ಹೇಳಿದರು: "ಸಾರ್, ಮೊದ್ಲು ಹ್ಯಾಮರ್ ಹತ್ರ ನೋಡಿ. ಬಾಯಿ ಬಿಡೋದು ಅಲ್ಲೇ." ಗೋಡೆಗೆ ಅಂಟಿದ ಪುಡಿ ಉದುರಲೆಂದು ಹೊರಗಿನಿಂದ ಗಾಳಿಯ ಒತ್ತಡದಲ್ಲಿ ಬಡಿಯುವ ಹ್ಯಾಮರುಗಳಿರುತ್ತವಲ್ಲ, ಅವು ಹಗಲೂ ರಾತ್ರಿ ಬಡಿದ ಜಾಗದ ಸುತ್ತ ಲೋಹ ದಣಿದಿರುತ್ತದೆ. ಮ್ಯಾನ್‌ಹೋಲ್ ಚೌಕಟ್ಟಿನ ಮೂಲೆ, ಸಿಲಿಂಡರ್ ಮತ್ತು ಕೋನ್ ಕೂಡುವ ವೆಲ್ಡ್, ಚೇಂಬರಿನಿಂದ ಇಳಿದ ಪುಡಿಯನ್ನು ಇನ್ನಷ್ಟು ಒಣಗಿಸುವ, ಸದಾ ನಡುಗುವ ಫ್ಲೂಯಿಡ್ ಬೆಡ್ಡಿನ ತೂತು ತಗಡು ಆಮೇಲಿನ ಸರದಿ. ಟಾರ್ಚನ್ನು ಗೋಡೆಗೆ ಎದುರಾಗಿ ಹಿಡಿಯಬಾರದು. ಗೋಡೆಗುಂಟ ಓರೆಯಾಗಿ ಹರಿಸಿದರೆ ಸಣ್ಣ ಗೀರಿಗೂ ನೆರಳು ಬೀಳುತ್ತದೆ.

ಅನುಮಾನ ಬಂದ ಕಡೆ ಡಿಪಿ ಟೆಸ್ಟ್, ಅಂದರೆ ಡೈ ಪೆನಿಟ್ರೆಂಟ್ ಪರೀಕ್ಷೆ. ವೆಲ್ಡನ್ನು ಚೊಕ್ಕ ಮಾಡಿ ಕೆಂಪು ದ್ರವ ಸ್ಪ್ರೇ ಮಾಡುವುದು, ಬಿರುಕಿದ್ದರೆ ಇಳಿಯಲು ಹತ್ತು ಇಪ್ಪತ್ತು ನಿಮಿಷ ಬಿಡುವುದು, ಬಟ್ಟೆಯಿಂದ ಒರೆಸುವುದು, ಬಿಳಿ ಡೆವಲಪರ್ ಹೊಡೆಯುವುದು. ಬಿರುಕಿನೊಳಗಿನ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಒಸರುತ್ತದೆ. ಚುಕ್ಕಿಯಾಗಿ ಬಂದರೆ ವೆಲ್ಡಿಂಗಿನಲ್ಲಿ ಉಳಿದ ಗಾಳಿಗುಳ್ಳೆ. ಕೇಳಲು ಮಕ್ಕಳಾಟ. ಆದರೆ ಹೊಸ ಹುಡುಗರು ಬೇಗ ಮುಗಿಯಲೆಂದು ಕ್ಲೀನರನ್ನು ನೇರವಾಗಿ ಗೋಡೆಗೇ ಸ್ಪ್ರೇ ಮಾಡುತ್ತಾರೆ. ಆಗ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗಿ ಒಡೆದ ತಗಡು ಪಾಸಾಗುತ್ತದೆ. ಕ್ಲೀನರ್ ಬಟ್ಟೆಗೆ ಹಾಕಬೇಕು, ಗೋಡೆಗಲ್ಲ. ಇನ್ನೊಂದು ತೊಡಕು ನಮ್ಮ ನೀರಿನದೇ. ನಿನ್ನೆ ಚೇಂಬರ್ ತೊಳೆದು ಇಂದು ಬೆಳಗ್ಗೆ ಟೆಸ್ಟಿಗೆ ಕರೆದರೆ ಬಿರುಕಿನಲ್ಲಿ ನೀರು ತುಂಬಿರುತ್ತದೆ, ಬಣ್ಣಕ್ಕೆ ಜಾಗವಿರುವುದಿಲ್ಲ. ಬಿಸಿಗಾಳಿ ಓಡಿಸಿ ಪೂರ್ತಿ ಒಣಗಿಸಿ, ತಣಿದ ಮೇಲೆಯೇ ಸ್ಪ್ರೇ, ಬಟ್ಟೆ ಕೈಗೆತ್ತಿಕೊಳ್ಳಬೇಕು.

ಪ್ಲಾಂಟ್ ನಿಲ್ಲುವ ಮುಂಚೆಯೇ ಮಾಡಬೇಕಾದ ಕೆಲಸವೊಂದಿದೆ, ಬಹಳ ಕಡೆ ಮಾಡುವುದಿಲ್ಲ. ಡ್ರೈಯರ್ ಓಡುತ್ತಿರುವಾಗ ಹೊರಹೊದಿಕೆಯ ಶಾಖ ನೋಡುವುದು. ಒದ್ದೆ ಉಣ್ಣೆ ಶಾಖ ತಡೆಯುವುದಿಲ್ಲ, ಅಲ್ಲಿ ಹೊದಿಕೆ ಸುತ್ತಲಿಗಿಂತ ಬಿಸಿಯಾಗಿರುತ್ತದೆ. ಥರ್ಮಲ್ ಕ್ಯಾಮೆರಾ ಹಿಡಿದರೆ ಆಯಿತು ಎನ್ನುವಂತಿಲ್ಲ. ಹೊಳೆಯುವ ಸ್ಟೀಲ್ ಕನ್ನಡಿಯ ಕೆಲಸ ಮಾಡಿ ಎದುರಿನ ಸ್ಟೀಮ್ ಪೈಪಿನ ಶಾಖವನ್ನೇ ತೋರಿಸೀತು. ಎಲೆಕ್ಟ್ರಿಷಿಯನ್ನರ ಕಪ್ಪು ಟೇಪನ್ನು ಅಲ್ಲಲ್ಲಿ ಅಂಟಿಸಿ ಅದರ ಮೇಲಿನ ಅಳತೆ ನಂಬುವುದು ಕ್ಷೇಮ. ಸಾವಿರಾರು ರೂಪಾಯಿಯ ಕ್ಯಾಮೆರಾದ ಮರ್ಯಾದೆ ಉಳಿಸುವುದು ಹತ್ತಿಪ್ಪತ್ತು ರೂಪಾಯಿಯ ಟೇಪು.

ಬೆಂಕಿಯ ವಿಷಯಕ್ಕೆ ಬಂದರೂ ನೀರು ಬೆನ್ನು ಬಿಡುವುದಿಲ್ಲ. ಗಾಳಿಯಲ್ಲಿ ತೇಲುವ ಹಾಲಿನ ಪುಡಿ ಸ್ಫೋಟಿಸಬಲ್ಲದು. ದಪ್ಪನಾಗಿ ಅಂಟಿ ಕೂತ ಪುಡಿ ತನ್ನಷ್ಟಕ್ಕೆ ಕಾದು ಒಳಗೊಳಗೇ ಕೆಂಡವಾಗಬಲ್ಲದು. ಶುರು ಎಲ್ಲಿಂದ? ಎಷ್ಟೋ ಸಲ ತೊಟ್ಟಿಕ್ಕುವ ನಾಝಲಿನಿಂದ. ಸವೆದ ತೂತು, ಹರಿದ ಓ ರಿಂಗ್. ಹಾಲು ಹನಿಯಾಗಿ ಸಿಡಿಯದೆ ಒಸರಿ, ನಾಝಲಿನ ತುದಿಗೆ ಗಡ್ಡ ಬೆಳೆದು, ಕಂದಾಗಿ, ಒಂದು ದಿನ ಕಳಚಿ ಕೆಳಗಿನ ಪುಡಿಯ ಮೇಲೆ ಬೀಳುತ್ತದೆ. ಆದ್ದರಿಂದ ಪ್ರತಿ ನಾಝಲನ್ನೂ ಬರೀ ನೀರಿನಲ್ಲಿ ಓಡಿಸಿ ನೋಡಬೇಕು: ಸ್ಪ್ರೇ ಸಮನಾಗಿದೆಯೇ, ನಿಲ್ಲಿಸಿದ ಮೇಲೆ ತೊಟ್ಟಿಕ್ಕುತ್ತದೆಯೇ. ಕೆಂಡದ ಸುಳಿವು ಮೊದಲೇ ಕೊಡುವುದು ಕಾರ್ಬನ್ ಮೊನಾಕ್ಸೈಡ್ ಅಳೆಯುವ ಉಪಕರಣ. ಒಳಬರುವ ಗಾಳಿಯಲ್ಲಿನ ಪ್ರಮಾಣವನ್ನು ಹೊರಹೋಗುವ ಗಾಳಿಯಲ್ಲಿನದರಿಂದ ಕಳೆದು ನೋಡದಿದ್ದರೆ ಪಕ್ಕದ ಲಾರಿಯ ಹೊಗೆಗೂ ಅಲಾರಂ ಹೊಡೆಯುತ್ತದೆ, ನಾಲ್ಕು ಸಲ ಹೊಡೆದ ಮೇಲೆ ಆಪರೇಟರ್ ಅದನ್ನು ಬಂದ್ ಮಾಡುತ್ತಾನೆ. ಬೆಂಕಿ ನಂದಿಸಲು ಚೇಂಬರಿನೊಳಗೆ ಇಟ್ಟ ನೀರಿನ ನಾಝಲುಗಳ ವಾಲ್ವ್ ಸೋರಿದರೆ? ದಿನವೂ ನಾಲ್ಕು ಹನಿ, ಅದರ ಸುತ್ತ ಮುದ್ದೆ ಕಟ್ಟುವ ಪುಡಿ. ಕಾಪಾಡಬೇಕಾದದ್ದೇ ಕಂಟಕ. ಸ್ಫೋಟದ ಒತ್ತಡ ಹೊರಬಿಡುವ ಪ್ಯಾನೆಲ್ ಎದುರು ಖಾಲಿ ಚೀಲದ ಬಂಡಲ್ ಪೇರಿಸಿದ್ದನ್ನೂ ಕಂಡಿದ್ದೇನೆ. "ಜಾಗ ಎಲ್ಲಿದೆ ಸಾರ್?" ಎಂಬ ಸ್ಟೋರ್ಸಿನವರ ಪ್ರಶ್ನೆಗೆ ರಿಪೋರ್ಟಿನಲ್ಲಿ ಉತ್ತರ ಬರೆಯಲು ಬರುವುದಿಲ್ಲ.

ಮೀಟರುಗಳ ಬಗ್ಗೆ ಒಂದೇ ಮಾತು. ಚೇಂಬರಿನಿಂದ ಹೊರಬರುವ ಗಾಳಿಯ ಶಾಖ ನೋಡಿಕೊಂಡೇ ಹಾಲಿನ ಪಂಪ್ ನಿಧಾನವೋ ಜೋರೋ ಆಗುತ್ತದೆ. ಆ ಸೆನ್ಸರಿಗೆ ಪುಡಿ ಮೆತ್ತಿದ್ದರೆ ಶಾಖದ ಏರಿಳಿತ ಅದಕ್ಕೆ ತಡವಾಗಿ ತಿಳಿಯುತ್ತದೆ. ಅಷ್ಟರಲ್ಲಿ ತೇವಾಂಶದಲ್ಲಿ ಅಂತರರಾಷ್ಟ್ರೀಯ ಮಾನದಂಡವಾದ ಕೋಡೆಕ್ಸ್ ಹೇಳುವ ಶೇ. 5ರ ಗಡಿ ದಾಟಿದ ಪುಡಿ ಚೀಲ ಸೇರಿರುತ್ತದೆ. ಆ ಸೆನ್ಸರನ್ನು ಬಿಚ್ಚಿ ತಂದು ಲ್ಯಾಬಿನಲ್ಲಿ ತಾಳೆ ನೋಡಿದರೆ ಪಾಸಾಗುತ್ತದೆ, ಏಕೆಂದರೆ ಬಿಚ್ಚುವಾಗಲೇ ಯಾರೋ ಒರೆಸಿಬಿಟ್ಟಿರುತ್ತಾರೆ. ಒರೆಸುವ ಮುಂಚೆ ನೋಡಬೇಕು.

ಆ ಹಿರಿಯ ಫಿಟ್ಟರ್ ತೋರಿಸಿದ ಜಾಗದಲ್ಲಿ, ಹ್ಯಾಮರಿನ ಪ್ಯಾಡಿಗೆ ಬೆರಳಗಲ ದೂರದಲ್ಲಿ, ಬಿಳಿಯ ಮೇಲೆ ಕೆಂಪು ಗೆರೆ ಒಸರಿತು. ಪ್ರೊಡಕ್ಷನ್ನಿನವರು ವೆಲ್ಡ್ ಹೊಡೆಸಿ ನಾಳೆಯೇ ಶುರು ಮಾಡುವ ಅವಸರದಲ್ಲಿದ್ದರು. "ಒಳಗಿಂದ ಮುಚ್ಚಿದ್ರೆ ಮುಗೀತಲ್ಲ ಸಾರ್?" ಎಂದರು. ಮುಚ್ಚಿದರೆ ಒಳಗಿನ ಒದ್ದೆ ಅಲ್ಲೇ ಉಳಿಯುತ್ತದೆ, ಮುಂದಿನ ಬಿರುಕಿಗೆ ಕಾಯುತ್ತದೆ ಎಂದು ಒಪ್ಪಿಸಲು ಆ ಮಧ್ಯಾಹ್ನ ಪೂರ್ತಿ ಬೇಕಾಯಿತು. ಕೊನೆಗೆ ಹೊರಹೊದಿಕೆ ಬಿಚ್ಚಿದರು. ಉಣ್ಣೆ ಹಳದಿ ತಿರುಗಿ, ಹುಳಿ ವಾಸನೆ ಹೊಡೆಯುತ್ತಿತ್ತು; ಹಿಂಡಿದರೆ ನೀರು. ಲ್ಯಾಬಿನ ಹುಡುಗಿ ಅದರ ತುಂಡುಗಳನ್ನು ಸ್ಟೆರೈಲ್ ಚೀಲಕ್ಕೆ ತುಂಬಿಕೊಂಡ ಮೇಲೆ, ಒಣ ಉಣ್ಣೆ ಸಿಗುವ ತನಕ ಸುತ್ತಲೂ ಕತ್ತರಿಸುತ್ತ ಹೋದರು. ಒಳಗಿನ ವೆಲ್ಡನ್ನು ಗೋಡೆಗೆ ಸಮನಾಗಿ ತಿಕ್ಕಿ, ಆಮ್ಲ ಸವರಿ ಪಿಕ್ಲಿಂಗ್ ಮಾಡಿ, ಮತ್ತೊಮ್ಮೆ ಡಿಪಿ ಹಾಕಿಸಿ, ಬಣ್ಣದ ಕುರುಹು ಉಳಿಯದಂತೆ ತೊಳೆದು ಒಣಗಿಸಿದ್ದಾಯಿತು. ಡ್ರೈಯರ್ ಶುರುವಾದ ಮೇಲೆ ಬಂದ ಮೊದಲ ಚೀಲಗಳಿಗೆ 'ಹೋಲ್ಡ್' ಚೀಟಿ ಅಂಟಿಸಿ ಬೇರೆಯೇ ಇಟ್ಟರು. ಸಾಲ್ಮೊನೆಲ್ಲಾ ಪರೀಕ್ಷೆಯ ಫಲಿತಾಂಶ ಬರಲು ನಾಲ್ಕೈದು ದಿನ ಬೇಕು. ಅಲ್ಲಿಯವರೆಗೆ ಒಂದು ಚೀಲವನ್ನೂ ಲಾರಿಗೆ ಹಾಕುವಂತಿಲ್ಲ ಎಂದು ಕ್ವಾಲಿಟಿ ವಿಭಾಗದವರು ಗೋಡೌನಿನ ರಿಜಿಸ್ಟರಿನಲ್ಲಿ ಬರೆದು, ಪ್ರೊಡಕ್ಷನ್ನಿನವರ ಸಹಿಯನ್ನೂ ಹಾಕಿಸಿಕೊಂಡರು.