ಒಂದೇ ಸಲ ಕೇಳ್ತಾರೆ: ಬ್ರಿಟನ್‌ಗೆ ಹೊರಟವರಿಗೆ ಊಟದ ಪಾಠ

ನಮ್ಮ ಸೀನಿಯರ್ಸ್‌ನಲ್ಲಿ ಒಂದಷ್ಟು ಜನ ಎಂಎಸ್‌ಸಿ ಮಾಡೋಕೆ ಬ್ರಿಟನ್ ಕಡೆ ಹೊರಟಿದ್ದಾರೆ. ವೀಸಾ, ಲೋನ್, ಐಇಎಲ್‌ಟಿಎಸ್, ಸ್ವೆಟರ್, ಎಲ್ಲದಕ್ಕೂ ಒಂದೊಂದು ಪಟ್ಟಿ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಊಟದ ವಿಷಯ ಬಂದರೆ ಮಾತ್ರ "ಎಂಟಿಆರ್ ಪ್ಯಾಕೆಟ್ ತಗೊಂಡು ಹೋಗು" ಅನ್ನೋದರಲ್ಲೇ ಮಾತು ಮುಗಿಯುತ್ತೆ. ಏನು ತಿನ್ನಬೇಕು ಅನ್ನೋದು ಹೇಗೋ ಗೊತ್ತಾಗುತ್ತೆ ಬಿಡಿ. ಇನ್ನೊಬ್ಬರ ಮನೆಯಲ್ಲಿ ಊಟಕ್ಕೆ ಕೂತಾಗ ಹೇಗೆ ಮಾತಾಡಬೇಕು ಅನ್ನೋದನ್ನ ಯಾರೂ ಹೇಳಿಕೊಡಲ್ಲ. ಅದಕ್ಕೇ ಈ ಪಾಠ.

ನಮ್ಮ ಆಯನೂರಿನಲ್ಲಿ ನೆಂಟರ ಮನೆಗೆ ಹೋದರೆ "ಸಾಕು" ಅನ್ನೋ ಮಾತಿಗೆ ಬೆಲೆಯೇ ಇಲ್ಲ. ಕಡುಬು ಬಡಿಸೋಕೆ ಬಂದಾಗ "ಬೇಡ ಅತ್ತೆ" ಅಂತೀವಿ. "ಎಂತ ತಿಂದಿದ್ದು ನೀನು, ಇನ್ನೊಂದು ಹಾಕ್ತೀನಿ" ಅಂತಾರೆ ಅವರು. ನಾವು ಎಲೆಗೆ ಎರಡೂ ಕೈ ಅಡ್ಡ ಹಿಡೀತೀವಿ. ಕೈ ಪಕ್ಕದಿಂದ ಕಡುಬು ಎಲೆಗೆ ಬಿದ್ದೇ ಬೀಳುತ್ತೆ. ಮೊದಲನೇ ಬೇಡ ಮರ್ಯಾದೆಗೆ, ಎರಡನೇದು ಅಭ್ಯಾಸಕ್ಕೆ, ಮೂರನೇದು ನಿಜ ಇದ್ದರೂ ಇರಬಹುದು ಅಂತ ಇಬ್ಬರಿಗೂ ಗೊತ್ತು. ಹೊಟ್ಟೆ ತುಂಬಿತೋ ಇಲ್ಲವೋ ಅಂತ ಕಂಡುಹಿಡಿಯೋ ಜವಾಬ್ದಾರಿ ಬಡಿಸುವವರದ್ದು.

ಬ್ರಿಟನ್ನಿನಲ್ಲಿ ಆ ಜವಾಬ್ದಾರಿ ಉಣ್ಣುವವರದ್ದು. ನನ್ನ ದೊಡ್ಡಪ್ಪನ ಮಗಳು ಲೀಡ್ಸ್‌ನಲ್ಲಿ ಓದಿದವಳು. ಹೋದ ಮೊದಲ ತಿಂಗಳಲ್ಲೇ ಜೊತೆಗಿದ್ದ ಹುಡುಗಿಯೊಬ್ಬಳು ತನ್ನ ಅಪ್ಪ ಅಮ್ಮನ ಮನೆಗೆ ಭಾನುವಾರದ ಊಟಕ್ಕೆ ಕರೆದುಕೊಂಡು ಹೋದಳು. ಹುರಿದ ಆಲೂಗಡ್ಡೆಯ ಬಟ್ಟಲು ಬಂತು. ಅಕ್ಕ ಸಂಕೋಚದಿಂದ ಎರಡೇ ತುಂಡು ಹಾಕಿಕೊಂಡಳು. ಇನ್ನಷ್ಟು ಬೇಕಾ ಅಂತ ಕೇಳಿದರು. "ನೋ, ಐ ಆ್ಯಮ್ ಫೈನ್" ಅಂದು ಎರಡನೇ ಸಲ ಕೇಳ್ತಾರೆ ಅಂತ ಕಾದಳು. ಬಟ್ಟಲು ಮುಂದೆ ಹೋಯ್ತು, ತಿರುಗಿ ಬರಲಿಲ್ಲ. ರೂಮಿಗೆ ಬಂದು ಮ್ಯಾಗಿ ಮಾಡಿಕೊಂಡಳಂತೆ. ಮಾರನೇ ದಿನ ಫೋನ್ ಮಾಡಿ "ನಾನು ಹೋಗಿದ್ದು ಅವರಿಗೆ ಇಷ್ಟ ಆಗಲಿಲ್ಲ ಅನ್ಸುತ್ತೆ ಚಿಕ್ಕಮ್ಮ" ಅಂತ ನನ್ನ ಅಮ್ಮನ ಹತ್ತಿರ ಅತ್ತಳು. ಹಸಿವಿಗಿಂತ ಅದು ಜಾಸ್ತಿ ನೋಯಿಸಿತ್ತು.

ಆ ಮನೆಯವರಿಗೆ ಅವಳ ಮೇಲೆ ಬೇಜಾರೇನೂ ಇರಲಿಲ್ಲ. ಅವರ ಲೆಕ್ಕದಲ್ಲಿ ಬೇಡ ಅಂದವರಿಗೆ ಮತ್ತೆ ಮತ್ತೆ ಹಾಕಿದರೆ ಅವರ ಮಾತನ್ನ ನಂಬಲಿಲ್ಲ ಅಂತ ಅರ್ಥ. ಅದು ಒತ್ತಾಯ. ಹಾಗಾಗಿ ಬೇಕಿದ್ದರೆ ಮೊದಲ ಸಲವೇ "ಯೆಸ್ ಪ್ಲೀಸ್" ಅಂದುಬಿಡಿ. ಕೇಳದಿದ್ದರೂ "ಇನ್ನೂ ಸ್ವಲ್ಪ ಹಾಕಿಕೊಳ್ಳಬಹುದಾ, ಚೆನ್ನಾಗಿದೆ" ಅಂದರೆ ಅಡುಗೆ ಮಾಡಿದವರಿಗೆ ಖುಷಿಯೇ ಆಗುತ್ತೆ. ಆದರೆ "ಯಾವಾಗಾದ್ರೂ ನೀವು ಊಟಕ್ಕೆ ಬರಲೇಬೇಕು" ಅಂತ ತಾರೀಕು ಹೇಳದೆ ಅಂದರೆ ಅದು ಆಹ್ವಾನ ಅಲ್ಲ. ಇದು ನಮಗೇನೂ ಹೊಸದಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು "ಬನ್ನಿ ಒಂದ್ಸಲ ಮನೆ ಕಡೆ" ಅಂತಾರಲ್ಲ, ಅದೇ.

ಇನ್ನು ಪದಗಳು. ನಾವೆಲ್ಲ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಆದರೂ ಅಡುಗೆಮನೆಯ ಇಂಗ್ಲಿಷ್ ನಮಗೆ ಬರಲ್ಲ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಅಂದರೆ ಲೀಡ್ಸ್, ಮ್ಯಾಂಚೆಸ್ಟರ್ ಕಡೆ, ಎಷ್ಟೋ ಮನೆಗಳಲ್ಲಿ ಸಂಜೆಯ ಊಟಕ್ಕೇ "ಟೀ" ಅನ್ನೋದು. ಆರು ಗಂಟೆಗೆ ಟೀಗೆ ಬಾ ಅಂದರೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ. ಅಲ್ಲೇ ಮಧ್ಯಾಹ್ನದ ಊಟಕ್ಕೆ "ಡಿನ್ನರ್" ಅನ್ನುವವರೂ ಇದ್ದಾರೆ. ಚಿಪ್ಸ್ ಅಂದರೆ ದಪ್ಪಗೆ ಹೆಚ್ಚಿ ಕರಿದ ಬಿಸಿ ಆಲೂಗಡ್ಡೆ. ನಮ್ಮ ಚಿಪ್ಸ್‌ಗೆ ಅಲ್ಲಿ ಕ್ರಿಸ್ಪ್ಸ್ ಅಂತ ಹೆಸರು. ಪುಡಿಂಗ್ ಅಂತೂ ದೊಡ್ಡ ತಲೆನೋವು. ಊಟದ ಕೊನೆಯ ಯಾವ ಸಿಹಿಗೂ ಪುಡಿಂಗ್ ಅಂತಾರೆ. ಯಾರ್ಕ್‌ಶೈರ್ ಪುಡಿಂಗ್ ಮಾತ್ರ ಸಿಹಿ ಅಲ್ಲ. ಮೈದಾ, ಮೊಟ್ಟೆ, ಹಾಲು ಕಲಸಿ ಬೇಯಿಸಿ ಗ್ರೇವಿ ಜೊತೆ ಕೊಡ್ತಾರೆ. ಬ್ಲ್ಯಾಕ್ ಪುಡಿಂಗ್ ಅಂದರೆ ಹಂದಿಯ ರಕ್ತದಿಂದ ಮಾಡಿದ್ದು.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬ್ರಿಟನ್ನಿಗೆ ಸಸ್ಯಾಹಾರ ಗೊತ್ತಿಲ್ಲದ್ದೇನಲ್ಲ. ಅಲ್ಲಿನ ವೆಜಿಟೇರಿಯನ್ ಸೊಸೈಟಿ ಶುರುವಾಗಿದ್ದೇ 1847ರಲ್ಲಿ. 1888ರಲ್ಲಿ ಲಂಡನ್ನಿಗೆ ಓದೋಕೆ ಹೋದ ಗಾಂಧೀಜಿಗೂ ಹೊಟ್ಟೆ ತುಂಬಾ ಊಟ ಸಿಕ್ಕಿದ್ದು ಅಲ್ಲಿನ ಸಸ್ಯಾಹಾರಿ ಹೋಟೆಲಿನಲ್ಲಿ. ಸಮಸ್ಯೆ ಇರೋದು ಅರ್ಥದಲ್ಲಿ. ನಮ್ಮ ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ಕಡ್ಡಾಯ, ಮೊಟ್ಟೆ ಇದ್ದರೆ ಆ ಚುಕ್ಕಿ ಹಾಕುವಂತಿಲ್ಲ. ಅಲ್ಲಿ ಅಂಥ ಕಡ್ಡಾಯ ಇಲ್ಲ. "ವೆಜಿಟೇರಿಯನ್" ಅಂದರೆ ಮೊಟ್ಟೆ ಸೇರಿದ್ದು ಅಂತಲೇ ತಿಳೀತಾರೆ. ಮೀನು ನಡೆಯುತ್ತಾ ಅಂತ ಕೇಳುವವರೂ ಸಿಗ್ತಾರೆ. ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತೆ. ಪಾರ್ಮೆಸಾನ್ ಚೀಸ್ ಮಾಡೋಕೆ ಕರುವಿನ ಹೊಟ್ಟೆಯ ರೆನೆಟ್ ಬೇಕು. ಕ್ರಿಸ್‌ಮಸ್‌ಗೆ ಕೊಡುವ ಮಿನ್ಸ್ ಪೈ ಒಳಗೆ ಈಗ ಮಾಂಸ ಇರಲ್ಲ, ಒಣಹಣ್ಣು ಇರುತ್ತೆ, ಆದರೆ ಹಳೇ ಪದ್ಧತಿಯಲ್ಲಿ ಮಾಡಿದ್ದಾದರೆ ದನದ ಕೊಬ್ಬು ಸೇರಿರುತ್ತೆ. ಊಟಕ್ಕೆ ಕರೆಯುವಾಗ "ಎನಿ ಡಯಟರಿ ರಿಕ್ವೈರ್‌ಮೆಂಟ್ಸ್?" ಅಂತ ಕೇಳೇ ಕೇಳ್ತಾರೆ. ಆಗ "ಏನಾದ್ರೂ ನಡೆಯುತ್ತೆ" ಅಂತ ಸಂಕೋಚ ಮಾಡಬೇಡಿ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಆಗುತ್ತೆ ಅಥವಾ ಆಗಲ್ಲ ಅಂತ ಪೂರ್ತಿ ಹೇಳಿ. ಹಾಗೆ ಹೇಳೋದು ಅಲ್ಲಿ ಉಪಕಾರ. ಟೇಬಲ್ಲಿಗೆ ಬಂದಮೇಲೆ ಹೇಳೋದು ತೊಂದರೆ.

ಫೋರ್ಕು, ಚಾಕುವಿನ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ಎಡಗೈಯಲ್ಲಿ ಫೋರ್ಕು, ಬಲಗೈಯಲ್ಲಿ ಚಾಕು, ಊಟ ಮುಗಿದಾಗ ಎರಡನ್ನೂ ತಟ್ಟೆಯಲ್ಲಿ ಜೋಡಿಸಿ ಇಡಿ, ಅಷ್ಟೇ. ಎಲ್ಲರಿಗೂ ಬಡಿಸುವ ತನಕ ಶುರು ಮಾಡಬಾರದು ಅನ್ನೋ ನಿಯಮ ನಮ್ಮ ಪಂಕ್ತಿ ಊಟದ್ದೇ.

ಪಬ್‌ಗೆ ಕರೆದರೆ ಕುಡಿಯದವರೂ ಹೋಗಬಹುದು. ಬಹಳಷ್ಟು ಪಬ್‌ಗಳಲ್ಲಿ ಕೂತಲ್ಲಿಗೆ ಯಾರೂ ಬರಲ್ಲ, ನಾವೇ ಕೌಂಟರಿಗೆ ಹೋಗಿ ಹೇಳಿ ದುಡ್ಡು ಕೊಡಬೇಕು. ಗುಂಪಿನಲ್ಲಿ ಒಬ್ಬೊಬ್ಬರು ಸರದಿಯ ಮೇಲೆ ಎಲ್ಲರಿಗೂ ಕೊಡಿಸ್ತಾರೆ, ಅದಕ್ಕೆ "ರೌಂಡ್" ಅಂತ ಹೆಸರು. ನೀವು ಆರೆಂಜ್ ಜ್ಯೂಸ್ ಕುಡಿದರೂ ನಿಮ್ಮ ಸರದಿ ತಪ್ಪಿಸುವಂತಿಲ್ಲ, ಅದನ್ನ ಅವರು ಜ್ಞಾಪಕ ಇಟ್ಟುಕೊಳ್ತಾರೆ. ದುಡ್ಡು ಕಡಿಮೆ ಇದ್ದರೆ "ನಾನು ರೌಂಡಿಗೆ ಸೇರಲ್ಲ, ನನ್ನದು ನಾನೇ ತಗೋತೀನಿ" ಅಂತ ಶುರುವಿಗೇ ಹೇಳಿ, ಯಾರೂ ತಪ್ಪು ತಿಳಿಯಲ್ಲ. ಮದ್ಯದ ಲೈಸೆನ್ಸ್ ಇರೋ ಜಾಗದಲ್ಲಿ ಗಿರಾಕಿ ಕೇಳಿದರೆ ನಲ್ಲಿ ನೀರನ್ನ ಪುಕ್ಕಟೆ ಕೊಡಬೇಕು, ಇಂಗ್ಲೆಂಡಿನಲ್ಲಿ ಅದು ಕಾನೂನು.

ಇಂಡಿಯನ್ ರೆಸ್ಟೋರೆಂಟ್ ಇರುತ್ತಲ್ಲ ಅಂತೀರಾ? ಊರೂರಲ್ಲೂ ಇದೆ. ಲಂಡನ್ನಿನಲ್ಲಿ ದೀನ್ ಮಹಮ್ಮದ್ ತಮ್ಮ ಹಿಂದೂಸ್ತಾನಿ ಕಾಫಿ ಹೌಸ್ ತೆರೆದಿದ್ದು 1810ರಲ್ಲಿ. ಚಿಕನ್ ಟಿಕ್ಕಾ ಮಸಾಲ ಬ್ರಿಟನ್ನಿನ ರಾಷ್ಟ್ರೀಯ ಖಾದ್ಯ ಅಂತ ಅಲ್ಲಿನ ವಿದೇಶಾಂಗ ಸಚಿವ ರಾಬಿನ್ ಕುಕ್ 2001ರಲ್ಲಿ ಹೇಳಿದ್ದರು. ಆದರೆ ಇವುಗಳಲ್ಲಿ ಎಷ್ಟೋ ನಡೆಸೋದು ಬಾಂಗ್ಲಾದೇಶದ ಸಿಲ್ಹೆಟ್ ಮೂಲದವರು. ಅಲ್ಲಿ ಹೋಗಿ ತಂಬುಳಿ ಹುಡುಕಬೇಡಿ. ನಮ್ಮ ಜಿಲ್ಲೆಯ ಮೇಳಿಗೆಯಿಂದ ಬಂದ ಅನಂತಮೂರ್ತಿಯವರು 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌ಡಿ ಮಾಡುವಾಗ ಬರೆದ ಕಾದಂಬರಿಯೇ "ಸಂಸ್ಕಾರ". ಹೆಣ ಸುಡುವ ತನಕ ಊಟ ಮಾಡುವಂತಿಲ್ಲದೆ ಒಂದು ಇಡೀ ಅಗ್ರಹಾರ ಹಸಿದು ಕೂರುತ್ತೆ ಅದರಲ್ಲಿ. ಅಷ್ಟು ದೂರ ಕೂತು ಮಲೆನಾಡಿನ ಹಸಿವಿನ ಬಗ್ಗೆ ಬರೆದರಲ್ಲ ಅಂತ ನನಗೆ ಆಗಾಗ ಅನಿಸುತ್ತೆ.

ಕೊನೆಗೆ ದಿನಾ ಉಳಿಸೋದು ನಮ್ಮದೇ ಅಡುಗೆ. ಅಮ್ಮ ತುಪ್ಪ, ಪೇಡ ಕಟ್ಟಿಕೊಡೋಕೆ ಬಂದರೆ ತಡೀರಿ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನ ಭಾರತದಿಂದ ಒಯ್ಯುವಂತಿಲ್ಲ. ಭಾನುವಾರ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಇಂಗ್ಲೆಂಡಿನಲ್ಲಿ ಆರು ಗಂಟೆ ಮಾತ್ರ ತೆರೆದಿರುತ್ತವೆ, ಶನಿವಾರವೇ ತರಕಾರಿ ತಂದಿಡಿ. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿರಲಿ. ಸಾಮಾನ್ಯವಾಗಿ ಅಡುಗೆಮನೆಯಲ್ಲಿರೋದು ಶಾಖಕ್ಕೆ ಕೂಗೋ ಅಲಾರ್ಮ್, ಹೊಗೆಗೆ ಕೂಗೋದು ಹೊರಗಿನ ಕಾರಿಡಾರಿನಲ್ಲಿರುತ್ತೆ. ಬಾಗಿಲು ತೆಗೆದಿಟ್ಟರೆ ಒಣಮೆಣಸಿನಕಾಯಿ ಘಾಟಿಗೆ ಇಡೀ ಬಿಲ್ಡಿಂಗ್ ಚಳಿಯಲ್ಲಿ ಹೊರಗೆ ನಿಲ್ಲಬೇಕಾಗುತ್ತೆ.

ನೀವು ಯಾರನ್ನಾದರೂ ಊಟಕ್ಕೆ ಕರೆದರೆ ಮೊದಲು ಅಲರ್ಜಿ ಕೇಳಿ. ಅಲ್ಲಿ ತಿಂಡಿ ಮಾರುವವರು ಹೇಳಲೇಬೇಕಾದ 14 ಅಲರ್ಜಿ ಪದಾರ್ಥಗಳ ಪಟ್ಟಿ ಇದೆ. 2016ರಲ್ಲಿ ನತಾಶಾ ಅನ್ನೋ ಹದಿನೈದು ವರ್ಷದ ಹುಡುಗಿ ಎಳ್ಳಿದ್ದ ಬ್ರೆಡ್ ತಿಂದು ತೀರಿಕೊಂಡಳು. ಆಮೇಲೆ ಅವಳ ಹೆಸರಿನಲ್ಲೇ ಕರೆಯೋ ಕಾನೂನು 2021ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಪಟ್ಟಿಯಲ್ಲಿ ಹಾಲು, ಶೇಂಗಾ, ಗೋಡಂಬಿ, ಎಳ್ಳು ಅಲ್ಲದೆ ಸಾಸಿವೆಯೂ ಇದೆ. ನಮ್ಮ ಯಾವ ಸಾರಿಗೆ ಸಾಸಿವೆ ಬೀಳಲ್ಲ ಹೇಳಿ? ಕೇಳಿ, ಅವರು ಆಗುತ್ತೆ ಅಂದಮೇಲೆ ಒಗ್ಗರಣೆ ಹಾಕಿ. ಬಡಿಸುವಾಗ ಅವರು "ನೋ ಥ್ಯಾಂಕ್ ಯು" ಅಂದರೆ ಸೌಟನ್ನ ಪಾತ್ರೆಗೆ ವಾಪಸ್ ಇಡಿ.