ಬಸುರಿಯ ಕಾಲಿನ ಉಬ್ಬುನರ

ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಾಫಿಯ ಊರು. ನವೆಂಬರಿನಿಂದ ಮಾರ್ಚಿಯವರೆಗಿನ ಕೊಯ್ಲಿನಲ್ಲಿ ಹಣ್ಣು ಬಿಡಿಸುವ ಹೆಂಗಸರು ದಿನದ ಬಹುಪಾಲು ನಿಂತೇ ದುಡಿಯುತ್ತಾರೆ. ಅವರಲ್ಲಿ ಬಸುರಿಯರೂ ಉಂಟು. ತಿಂಗಳು ತುಂಬುತ್ತ ಬಂದಂತೆ ಕೆಲವರ ಮೀನಖಂಡದಲ್ಲಿ ನೀಲಿ ನರಗಳು ಹಗ್ಗದಂತೆ ಉಬ್ಬುತ್ತವೆ. ಸಂಜೆಗೆ ಕಾಲು ಭಾರವಾಗುತ್ತದೆ. ‘ಬಸುರಿಗೆ ಇದೆಲ್ಲ ಇದ್ದದ್ದೇ’ ಎನ್ನುತ್ತಾರೆ ಹಿರಿಯರು. ಹೌದು, ಆದರೆ ಅದಕ್ಕೆ ಕಾರಣವೂ ಉಂಟು, ಉಪಾಯವೂ ಉಂಟು.

ನಾವು ನರವೆನ್ನುವುದು ಇಲ್ಲಿ ಅಭಿಧಮನಿ, ಎಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ. ರಕ್ತವು ಹೀಗೆ ಸುತ್ತಿ ಬರುವುದನ್ನು ವಿಲಿಯಂ ಹಾರ್ವೆ 1628ರ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು. ನಡೆಯುವಾಗ ಮೀನಖಂಡದ ಸ್ನಾಯು ನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಾಳದೊಳಗಿನ ಕವಾಟಗಳು ಅದು ಕೆಳಗಿಳಿಯದಂತೆ ತಡೆಯುತ್ತವೆ. ಗರ್ಭಿಣಿಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಮೆ ಅರ್ಧದಷ್ಟು ಹೆಚ್ಚುತ್ತದೆ. ಪ್ರೊಜೆಸ್ಟರೋನ್ ಎಂಬ ಹಾರ್ಮೋನು ನಾಳದ ಗೋಡೆಯನ್ನು ಸಡಿಲಿಸುತ್ತದೆ. ಬೆಳೆಯುವ ಗರ್ಭಕೋಶ ಹೊಟ್ಟೆಯೊಳಗಿನ ದೊಡ್ಡ ನಾಳವನ್ನು ಅದುಮುತ್ತದೆ. ಕವಾಟಗಳು ಸರಿಯಾಗಿ ಮುಚ್ಚದೆ ರಕ್ತ ಕೆಳಗೇ ನಿಂತು ನಾಳ ಉಬ್ಬುತ್ತದೆ. ಅಲುಗದೆ ನಿಂತಷ್ಟೂ ಬಾಧೆ ಹೆಚ್ಚು.

ಉಪಾಯಗಳು ಸುಲಭವಾದವು. ಒಂದೇ ಕಡೆ ನಿಲ್ಲದೆ ಆಗಾಗ ನಾಲ್ಕು ಹೆಜ್ಜೆ ನಡೆಯಬೇಕು, ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಬೇಕು, ಬಿಡುವಿನಲ್ಲಿ ಕಾಲನ್ನು ಎತ್ತರಿಸಿಕೊಳ್ಳಬೇಕು, ಎಡಮಗ್ಗುಲಾಗಿ ಮಲಗಬೇಕು. ವೈದ್ಯರು ಹೇಳಿದರೆ ಬಿಗಿ ಕಾಲುಚೀಲವನ್ನು ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಹಾಕಿಕೊಳ್ಳಬೇಕು. ಹೆರಿಗೆಯಾದ ಕೆಲವು ತಿಂಗಳಲ್ಲಿ ಉಬ್ಬು ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಎಣ್ಣೆ ಹಚ್ಚಿ ತಿಕ್ಕಕೂಡದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಸಿರು ಕಟ್ಟಿದಂತಾದರಂತೂ ಒಂದು ಗಳಿಗೆಯೂ ಕಾಯಬಾರದು.

ಇವೆಲ್ಲ ಸರಿ, ಕೂಲಿಯವಳಿಗೆ ಕೂರಲು ಬಿಡುವೆಲ್ಲಿ ಎಂದು ನೀವು ಕೇಳಬಹುದು. ಕಾಯಿದೆ ಈ ಮಾತನ್ನು ಮೊದಲೇ ಯೋಚಿಸಿದೆ. ಹೆರಿಗೆಗೆ ಮುಂಚಿನ ಆರು ವಾರಗಳಿಗೂ ಹಿಂದಿನ ಒಂದು ತಿಂಗಳು, ಮತ್ತು ರಜೆ ಪಡೆಯದಿದ್ದರೆ ಆ ಆರು ವಾರಗಳಲ್ಲಿಯೂ, ಗರ್ಭಿಣಿ ಕೇಳಿಕೊಂಡರೆ ಬಹಳ ಹೊತ್ತು ನಿಲ್ಲುವ ಕೆಲಸವನ್ನು ಆಕೆಗೆ ಕೊಡಕೂಡದೆಂದು 1961ರ ಹೆರಿಗೆ ಸೌಲಭ್ಯ ಕಾಯಿದೆ ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನೇ ಹೇಳುತ್ತದೆ.

ಆದರೆ ‘ಕೇಳಿಕೊಂಡರೆ’ ಎಂಬುದನ್ನು ಗಮನಿಸಬೇಕು. ಹಕ್ಕು ಉಂಟೆಂದೇ ತಿಳಿಯದವಳು ಏನೆಂದು ಕೇಳಿಯಾಳು? ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನ್ನಂಥವರು ಈ ತರಗತಿಗಳಲ್ಲಿ ಹಲವರಿದ್ದೇವೆ. ಓದಿದ್ದನ್ನು ಊರಿನ ಹೆಂಗಸರಿಗೆ ತಿಳಿಯುವ ಮಾತಿನಲ್ಲಿ ಹೇಳುವ ಕೆಲಸ ನಮ್ಮದೇ.